ತೆಗೆಯಲ್ಪಟ್ಟಿತ್ತು

ಇಸ್ತ್ರಿಯಕ್ಕ ಸಂಜೆ ಶಾಲೆಗೆ ಸೇರಿದ್ದು ಓದಿನ ಮೇಲಿನ ಪ್ರೀತಿಯಿಂದೇನಲ್ಲ. ಅವಳು ದುಡಿಯುವ ದೊಡ್ಡ ಲಾಂಡ್ರಿಯಲ್ಲಿ ದಾಸ್ತಾನು ಗುಮಾಸ್ತೆಯ ಕುರ್ಚಿಯೊಂದು ಸದ್ಯದಲ್ಲೇ ಖಾಲಿಯಾಗುವುದಿತ್ತು. ಆ ಕುರ್ಚಿಯಲ್ಲಿ ಕೂರಲು ಒಂದು ಸರ್ಟಿಫಿಕೇಟು ಬೇಕಿತ್ತು. ಹನ್ನೊಂದು ವರ್ಷ ಇಸ್ತ್ರಿ ಮಾಡುವ ಬಿಸಿ ರೋಲರಿನ ಮುಂದೆ ನಿಂತು ಹೋಟೆಲುಗಳ, ಆಸ್ಪತ್ರೆಗಳ ಬೆಡ್‌ಶೀಟುಗಳನ್ನು ಒಳಕ್ಕೆ ಬಿಟ್ಟೂ ಬಿಟ್ಟೂ ಅವಳ ಮೊಣಕಾಲುಗಳು ಕುರ್ಚಿ ಎಂಬ ಹೆಸರು ಕೇಳಿದರೇ ಸಾಕು, ಆಸೆಪಡುತ್ತಿದ್ದವು.

ಸಂಜೆ ಶಾಲೆ ನಡೆಯುತ್ತಿದ್ದುದು ಗ್ರಂಥಾಲಯದ ಮಹಡಿಯ ಮೇಲೆ, ಹಳೇ ಪತ್ರಿಕೆಗಳ ಕಟ್ಟುಗಳ ನಡುವೆ. ಒಟ್ಟು ಒಂಬತ್ತು ಜನ. ಲೆಕ್ಕ, ವಿಜ್ಞಾನ ಹೇಗೋ ಕುಂಟುತ್ತ ಸಾಗುತ್ತಿದ್ದವು. ಅವಳಿಗೆ ಕೈಕೊಟ್ಟಿದ್ದು ಕನ್ನಡವೇ. ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಒಂದು ಗದ್ಯಭಾಗ ಕೊಟ್ಟು, 'ಓದಿ, ನಿಮ್ಮ ಅಭಿಪ್ರಾಯ ಬರೆಯಿರಿ' ಎಂದು ಇಪ್ಪತ್ತು ಅಂಕ ಇಟ್ಟಿರುತ್ತಿದ್ದರು. ಇಸ್ತ್ರಿಯಕ್ಕ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಪ್ರತಿ ಸಲವೂ ಒಂದೇ ಉತ್ತರ ಬರೆಯುತ್ತಿದ್ದಳು: 'ಲೇಖಕರು ತುಂಬಾ ಚೆನ್ನಾಗಿ ಬರೆದಿದ್ದಾರೆ.' ಮೇಷ್ಟ್ರು ಅದರ ಕೆಳಗೆ ಕೆಂಪು ಶಾಯಿಯಲ್ಲಿ, 'ಲೇಖಕರು ಸಿಕ್ಕರೆ ತಿಳಿಸುತ್ತೇನೆ' ಎಂದು ಬರೆದು ಎರಡು ಅಂಕ ಕೊಡುತ್ತಿದ್ದರು. ಆ ಎರಡೂ ಅಕ್ಷರಕ್ಕೆ ಕೊಟ್ಟಿದ್ದಂತೆ, ಅಭಿಪ್ರಾಯಕ್ಕಲ್ಲ.

"ಅಭಿಪ್ರಾಯ ಅಂದ್ರೆ ಹೊಗಳೋದಲ್ಲಮ್ಮ, ಬೈಯೋದೂ ಅಲ್ಲ. ಓದ್ತಾ ಓದ್ತಾ ನಿಮ್ಮ ತಲೇಲಿ ಒಂದು ಪ್ರಶ್ನೆ ಏಳುತ್ತಲ್ಲ, ಅದು."

"ನನಗೆ ಏಳೋದೇ ಇಲ್ಲ ಸಾರ್. ಅಚ್ಚಾಗಿದೆ ಅಂದ್ರೆ ಸರಿ ಇರಲೇಬೇಕಲ್ವಾ?"

ಮೇಷ್ಟ್ರು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗ ಲಾಂಡ್ರಿಯಲ್ಲಿ ಅನಾಹುತವಾಯಿತು. ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಎಲ್ಲರೂ ಅದನ್ನು ಗಾರ್ಡ್ ಎನ್ನುತ್ತಾರೆ. ಬೆರಳು ತಗುಲಿದರೆ ಸಾಕು, ಯಂತ್ರ ನಿಂತುಬಿಡುತ್ತದೆ. ಆ ವಾರ ಯಾವುದೋ ದೊಡ್ಡ ಹೋಟೆಲಿನಿಂದ ದಪ್ಪ ಅಂಚಿನ ಬೆಡ್‌ಶೀಟುಗಳು ಬಂದಿದ್ದವು. ಅಂಚು ಹೋಗಿ ಗಾರ್ಡಿಗೆ ತಗುಲುವುದು, ಯಂತ್ರ ನಿಲ್ಲುವುದು, ಮತ್ತೆ ಚಾಲೂ ಮಾಡುವುದು, ಇದೇ ಆಯಿತು. ಲಾರಿ ನಾಲ್ಕು ಗಂಟೆಗೆ ಬರುವುದಿತ್ತು. ಸೂಪರ್‌ವೈಸರ್ ಬಂದು ನೋಡಿ, "ಅದನ್ನ ತೆಗೆದುಬಿಡು ಅತ್ಲಾಗೆ. ಸಂಜೆ ಹಾಕಿದ್ರಾಯ್ತು" ಎಂದರು. ಇಸ್ತ್ರಿಯಕ್ಕ ಸ್ಕ್ರೂಡ್ರೈವರ್ ತಂದು ಎರಡು ಸ್ಕ್ರೂ ಬಿಚ್ಚಿದಳು. ಯಂತ್ರಕ್ಕೆ ಗಾರ್ಡ್ ಇದೆಯೆಂದೇ ಅನ್ನಿಸಲಿ ಎಂದು ಗಾರ್ಡ್ ಕೂರುವ ಜಾಗದ ಸ್ವಿಚ್ಚಿಗೆ ಬಟ್ಟೆಚೂರೊಂದನ್ನು ಬಿಗಿಯಾಗಿ ಸುತ್ತಿದಳು. ಲಾರಿ ಹೊತ್ತಿಗೆ ಸರಿಯಾಗಿ ಹೊರಟಿತು. ಸಂಜೆ ಗಾರ್ಡ್ ಹಾಕುವುದು ಯಾರಿಗೂ ನೆನಪಾಗಲಿಲ್ಲ. ಮರುದಿನವೂ ಆಗಲಿಲ್ಲ.

ಮೂರನೆಯ ದಿನ ಅವಳು ಪರೀಕ್ಷೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಆಫೀಸಿಗೆ ಹೋದಳು. ಹೋಗುವಾಗ, "ಐದು ನಿಮಿಷ ನೋಡ್ಕೋ" ಎಂದು ಗುಬ್ಬಿಯನ್ನು ರೋಲರಿನ ಮುಂದೆ ನಿಲ್ಲಿಸಿದ್ದಳು. ಗುಬ್ಬಿ ಬಟ್ಟೆ ಮಡಿಸುವವಳು. ಆಳು ಚಿಕ್ಕದು, ಬಾಯಿ ದೊಡ್ಡದು, ಅದಕ್ಕೇ ಆ ಹೆಸರು. ಅವಳ ಬಲಗೈಯ ನಾಲ್ಕು ಬೆರಳು ಬೆಡ್‌ಶೀಟಿನ ಜೊತೆಗೇ ಒಳಗೆ ಹೋದವು.

ಈ ಸೂಪರ್‌ವೈಸರ್ ಯಾರೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಇಸ್ತ್ರಿಯಕ್ಕನ ಒಡಹುಟ್ಟಿದ ಅಕ್ಕನ ಗಂಡ. ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ. ಗೇಟಿನ ಹೊರಗೆ ಭಾವ, ಗೇಟಿನ ಒಳಗೆ ಸಾರ್. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳು ಗೇಟಿನ ಆಚೆ ಈಚೆ ನಾಲಿಗೆ ತಪ್ಪಿದವಳಲ್ಲ.

ವಿಚಾರಣೆ ನಡೆಯುವುದೆಂದು ತಿಳಿಯಿತು. ಶನಿವಾರದೊಳಗೆ ಎಲ್ಲರ ಹೇಳಿಕೆ ಬರಹದಲ್ಲಿ ಬರಬೇಕು, ಸೋಮವಾರ ಮೇಲಿನವರು ಬಂದು ಕೂತು ತೀರ್ಮಾನಿಸುತ್ತಾರೆ. ಗುಬ್ಬಿಯದೇ ತಪ್ಪು ಎಂದಾದರೆ ಅವಳ ಕೆಲಸ ಹೋಯಿತೆಂದೇ ಲೆಕ್ಕ. ಗೇಟಿನ ಹೊರಗೆ ನಿಂತು ಭಾವ ಹೇಳಿದರು: "ನಿನ್ನ ಅಕ್ಷರ ಚೆನ್ನಾಗಿದೆ. ಯಾರ ಹೆಸರೂ ಬರದ ಹಾಗೆ ನೀಟಾಗಿ ಒಂದು ಬರೆದುಕೊಡು. ಹೆಸರು ಬಂದ್ರೆ ತಾನೇ ತಲೆನೋವು?"

ಅವಳಿಗೂ ಅದು ಸರಿಯೆನಿಸಿತು. ತನ್ನ ಹೆಸರಿಲ್ಲ, ಭಾವನ ಹೆಸರಿಲ್ಲ, ಗುಬ್ಬಿಯ ಹೆಸರೂ ಇಲ್ಲ, ಯಾರಿಗೂ ತೊಂದರೆಯಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹರಡಿಕೊಂಡು ಎರಡು ತಾಸು ಕೂತು ಬರೆದಳು. ಅಚ್ಚಿನ ಕನ್ನಡದಂತೆ ಕಾಣಬೇಕಲ್ಲ, ಅದಕ್ಕೆ ಪಠ್ಯಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡಿದ್ದಳು. ಭಾವ ಓದಿ ತಲೆದೂಗಿ, ಮಧ್ಯೆ ಒಂದೇ ಒಂದು ವಾಕ್ಯ ಸೇರಿಸಲು ಹೇಳಿದರು. ಸೇರಿಸಿ ಎರಡು ಪ್ರತಿ ಮಾಡಿದಳು. ಒಂದು ಭಾವನ ಡ್ರಾಯರಿಗೆ ಹೋಯಿತು, ಸಹಿಯನ್ನು ಶನಿವಾರ ಎಲ್ಲರೆದುರು ಹಾಕಿದರಾಯಿತು ಎಂದರು. ಇನ್ನೊಂದು ಅವಳ ಚೀಲದಲ್ಲೇ ಉಳಿಯಿತು. ಅಷ್ಟು ಒಳ್ಳೆಯ ಕನ್ನಡವನ್ನು ತಾನು ಹುಟ್ಟಿದಾಗಿನಿಂದ ಬರೆದಿರಲಿಲ್ಲವೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಹೆಮ್ಮೆ ಸುಮ್ಮನಿರಲು ಬಿಡುತ್ತದೆಯೇ? ಆ ಗುರುವಾರ ಮೇಷ್ಟ್ರು ಎಲ್ಲರಿಗೂ ಮನೆಯಿಂದಲೋ ಕೆಲಸದ ಜಾಗದಿಂದಲೋ ಒಂದೊಂದು ಬರಹದ ಹಾಳೆ ತರಲು ಹೇಳಿದ್ದರು. ಕಥೆ ಕವನವೇ ಆಗಬೇಕೆಂದಿಲ್ಲ, ಮಾತ್ರೆಯ ಡಬ್ಬಿಯೊಳಗಿನ ಚೀಟಿಯಾದರೂ ಸರಿ ಎಂದಿದ್ದರು. ಇಸ್ತ್ರಿಯಕ್ಕ ತನ್ನ ಹೇಳಿಕೆಯನ್ನೇ ಒಯ್ದಳು. ಬರೆದದ್ದು ತಾನೆಂದು ಹೇಳುವ ಧೈರ್ಯವಾಗಲಿಲ್ಲ. "ನಮ್ಮ ಆಫೀಸಿನ ಪತ್ರ ಸಾರ್, ನಾನು ನಕಲು ಮಾಡ್ಕೊಂಡು ಬಂದೆ" ಎಂದು ಮೇಜಿನ ಮೇಲಿಟ್ಟಳು. ಎಲ್ಲರೂ ಹೊಗಳಿದ ಮೇಲೆ ನಿಧಾನಕ್ಕೆ ಹೇಳುವ ಯೋಚನೆ ಅವಳದು.

ಮೇಷ್ಟ್ರು ಮೊದಲು ಪಠ್ಯದಲ್ಲಿದ್ದ ಒಂದು ಪ್ರವಾಸ ಕಥನವನ್ನು ಎತ್ತಿಕೊಂಡರು. ದೊಡ್ಡ ಮನುಷ್ಯರೊಬ್ಬರು ಬೆಟ್ಟದ ಮೇಲಿನ ಬಂಗಲೆಯಲ್ಲಿ ತಂಗಿದ ವರ್ಣನೆ. 'ಐದು ಗಂಟೆಗೇ ಬಿಸಿನೀರು ಕಾಯಿಸಲ್ಪಟ್ಟಿತು. ಹಾಸಿಗೆ ಮಡಿಸಲ್ಪಟ್ಟಿತು. ತಿಂಡಿ ಬಡಿಸಲ್ಪಟ್ಟಿತು. ನಾನು ಏಕಾಂತದಲ್ಲಿ ಸೂರ್ಯೋದಯವನ್ನು ಸವಿದೆ.'

"ಈ ಬಂಗಲೇಲಿ ಇವರ ಜೊತೆ ಇನ್ನೊಬ್ರು ಇದ್ದಾರೆ. ಯಾರು ಹೇಳಿ?" ಎಂದರು ಮೇಷ್ಟ್ರು.

ತರಗತಿ ಪುಟ ತಿರುವಿ ತಿರುವಿ ಹುಡುಕಿತು. ಯಾರ ಹೆಸರೂ ಇರಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಬಸ್ ಕಂಡಕ್ಟರ್ ತಟ್ಟನೆ, "ಹೆಂಡ್ತಿ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಇಸ್ತ್ರಿಯಕ್ಕ. ಅವಳಿಗೆ ಕಣ್ಣಲ್ಲಿ ನೀರೇ ಬಂತು.

"ನೋಡಿ, ನಾವು ಮಾತಾಡುವಾಗ ಯಾರಾದ್ರೂ 'ತಿಂಡಿ ಬಡಿಸಲ್ಪಟ್ಟಿತು' ಅಂತೀವಾ? 'ಬಡಿಸಿದ್ಳು' ಅಂತೀವಿ. ಈ 'ಲ್ಪಟ್ಟಿತು' ಬಂದ ಕಡೆಯೆಲ್ಲ ಯಾರೋ ಒಬ್ರು ಬಾಗಿಲ ಹಿಂದೆ ನಿಂತಿರ್ತಾರೆ. ಓದೋರ ಕೆಲಸ ಏನು? ಬಾಗಿಲು ತೆಗೆದು ನೋಡೋದು."

ಹೀಗೆಂದು ಮೇಷ್ಟ್ರು ಮೇಜಿನ ಮೇಲಿನ ಕಾಗದಗಳಿಗೆ ಕೈಹಾಕಿದರು. ಕೈಗೆ ಮೊದಲು ಬಂದದ್ದೇ ಮುತ್ತಿನಂಥ ಅಕ್ಷರದ ಹಾಳೆ. ಇಸ್ತ್ರಿಯಕ್ಕನ ನಗು ಅರ್ಧಕ್ಕೇ ನಿಂತಿತು. "ಸಾರ್, ಅದು ಬೇಡ ಬಿಡಿ, ಅದು ಬರೀ ಆಫೀಸಿಂದು" ಎಂದು ಎದ್ದಳು. ಅಷ್ಟರಲ್ಲಿ ಹಾಳೆ ಕಂಡಕ್ಟರನ ಕೈ ಸೇರಿತ್ತು. ಅವನು ಸ್ಟಾಪುಗಳ ಹೆಸರು ಕೂಗುವ ದನಿಯಲ್ಲೇ ಓದಿದ:

'ಸದರಿ ವಾರದಲ್ಲಿ ಕೆಲಸದ ಒತ್ತಡದ ಕಾರಣ ಯಂತ್ರದ ಗಾರ್ಡ್ ತೆಗೆಯಲ್ಪಟ್ಟಿತ್ತು. ಅದನ್ನು ಪುನಃ ಅಳವಡಿಸುವುದು ಮರೆಯಲ್ಪಟ್ಟಿತ್ತು. ಎಲ್ಲರಿಗೂ ಎಚ್ಚರಿಕೆಯ ಸೂಚನೆ ನೀಡಲ್ಪಟ್ಟಿತ್ತು. ಕಾರ್ಮಿಕೆ ಸೂಚನೆಯನ್ನು ಗಮನಿಸಲಿಲ್ಲ. ಆಕೆಯ ಬಲಗೈ ರೋಲರಿನಲ್ಲಿ ಸಿಲುಕಲ್ಪಟ್ಟಿತು. ತಕ್ಷಣ ಯಂತ್ರ ನಿಲ್ಲಿಸಲ್ಪಟ್ಟು, ಆಕೆ ಆಸ್ಪತ್ರೆಗೆ ಸಾಗಿಸಲ್ಪಟ್ಟಳು.'

"ಆರು!" ಎಂದು ಯಾರೋ ಎಣಿಸಿ ಹೇಳಿದರು. ಮತ್ತೆ ನಗು.

"'ಸಿಲುಕಲ್ಪಟ್ಟಿತು' ಅನ್ನೋದು ವ್ಯಾಕರಣದ ಪ್ರಕಾರವೂ ತಪ್ಪು. ಕೈ ತಾನಾಗೇ ಸಿಲುಕುತ್ತೆ. ಅದೊಂದಕ್ಕೆ ಮಾಡಿದೋರು ಬೇಕಿರಲಿಲ್ಲ, ಪಾಪ, ಅದಕ್ಕೂ ಅಂಟಿಸಿದ್ದಾರೆ" ಎಂದರು ಮೇಷ್ಟ್ರು.

ಕಂಡಕ್ಟರ್ ಮಾತ್ರ ನಗಲಿಲ್ಲ. ಹಾಳೆಯನ್ನು ಇನ್ನೊಮ್ಮೆ ಓದಿದ. "ಸಾರ್, ಇದರಲ್ಲಿ ಗಾರ್ಡ್ ತಾನೇ ಹೋಯ್ತು, ಮರೆವು ತಾನೇ ಬಂತು, ಸೂಚನೆ ತಾನೇ ಕೊಟ್ಕೊಂತು. ಏನಾದ್ರೂ ಮಾಡಿದ ಮನುಷ್ಯರು ಅಂತ ಇರೋದು ಒಬ್ಳೇ. 'ಕಾರ್ಮಿಕೆ ಗಮನಿಸಲಿಲ್ಲ.' ನಮ್ಮ ಡಿಪೋದ ಮೆಮೋಗಳೂ ಹೀಗೇ ಇರ್ತವೆ. ಇದನ್ನ ಬರೆದೋರು ಭಾರೀ ಕಿಲಾಡಿ. ಹೆಸರೇ ಹಾಕದೆ ಅವಳ ಕತ್ತಿಗೆ ಕಟ್ಟಿದ್ದಾರೆ."

ಎದ್ದು ನಿಂತಿದ್ದ ಇಸ್ತ್ರಿಯಕ್ಕ ಮೆಲ್ಲಗೆ ಕೂತಳು. ಆ ವಾಕ್ಯವೇ ಭಾವ ಸೇರಿಸಲು ಹೇಳಿದ್ದು. ಸೇರಿಸುವಾಗ ಅವಳು ಅಕ್ಷರದ ಅಂದ ನೋಡಿದ್ದಳೇ ಹೊರತು ಅರ್ಥ ನೋಡಿರಲಿಲ್ಲ. ಸೂಚನೆಯನ್ನಂತೂ ಯಾರೂ ಕೊಟ್ಟಿರಲೇ ಇಲ್ಲ. ಅದನ್ನು ಬರೆದವಳು ಅವಳೇ, ವಾಕ್ಯ ತುಂಬಿ ಕಾಣಲಿ ಎಂದು. ಕಿಲಾಡಿ ಎಂಬ ಮಾತು ಅವಳ ಕೆನ್ನೆಗೆ ಬಾರಿಸಿದಂತಾಯಿತು. ಜೀವಮಾನದಲ್ಲಿ ಅವಳನ್ನು ಯಾರೂ ಕಿಲಾಡಿ ಎಂದಿರಲಿಲ್ಲ. ತರಗತಿ ಮುಗಿದ ಮೇಲೆ ಹಾಳೆ ಇಸಿದುಕೊಂಡು ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದಳು. ಬರೆದವಳು ತಾನೆಂದು ಕೊನೆಗೂ ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹೊಸ ಕಾಗದ ತೆಗೆದಳು. ಈ ಸಲ ಪಠ್ಯಪುಸ್ತಕ ಪಕ್ಕದಲ್ಲಿರಲಿಲ್ಲ. 'ಗಾರ್ಡನ್ನು ನಾನು ತೆಗೆದೆ. ಮತ್ತೆ ಹಾಕಲು ನಾನು ಮರೆತೆ. ಗುಬ್ಬಿಗೆ ನಾನು ಏನೂ ಹೇಳದೆ ಅಲ್ಲಿ ನಿಲ್ಲಿಸಿ ಹೋದೆ.' ಮೂರೇ ಸಾಲಿಗೆ ಬೆವರು ಕಿತ್ತುಕೊಂಡು ಬಂತು. ಗುಮಾಸ್ತೆಯ ಕುರ್ಚಿ ಹೋಯಿತು, ಈಗ ನಿಂತಿರುವ ಜಾಗವೂ ಹೋದೀತು ಎಂದುಕೊಂಡಳು. ಆದರೂ ಎದೆ ಸ್ವಲ್ಪ ಹಗುರಾಗಿತ್ತು. ನಿಜ ಹೇಳಬೇಕೆಂದರೆ, ತನ್ನ ಬಗ್ಗೆ ತನಗೇ ಸ್ವಲ್ಪ ಮೆಚ್ಚುಗೆಯೂ ಹುಟ್ಟಿತ್ತು.

ಅಂದು ಸಂಜೆ ಗುಬ್ಬಿಯ ಮನೆಗೆ ಹೋದಳು. ಒಂದೇ ಕೋಣೆ, ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಣಗುವ ಬಟ್ಟೆ. ಗುಬ್ಬಿ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. "ಬಾರಕ್ಕ. ಜನ್ಮದಲ್ಲಿ ಮೊದಲ ಸಲ ಕೂತು ಉಣ್ತಾ ಇದ್ದೀನಿ, ನನ್ನ ಗಂಡ ತಾನೇ ತಟ್ಟೆ ತೊಳೀತಾನೆ, ನೋಡೋಕೆ ಎರಡು ಕಣ್ಣು ಸಾಲದು" ಎಂದಳು. ಇಸ್ತ್ರಿಯಕ್ಕನಿಗೆ ನಗಲಾಗಲಿಲ್ಲ. ಎರಡೂ ಹಾಳೆಗಳನ್ನು ಅವಳ ಮುಂದಿಟ್ಟಳು.

ಗುಬ್ಬಿ ಎಡಗೈಯಲ್ಲಿ ಮೊದಲ ಹಾಳೆ ಹಿಡಿದು ತುಟಿ ಆಡಿಸುತ್ತ ಓದಿದಳು. 'ಯಂತ್ರ ನಿಲ್ಲಿಸಲ್ಪಟ್ಟು' ಎಂಬಲ್ಲಿಗೆ ಬಂದಾಗ ಅವಳ ದನಿ ಏರಿತು.

"ಇದೇನಕ್ಕ? ಯಾರು ನಿಲ್ಸಿದ್ದು? ನಾನೇ ಕಣೆ ನಿಲ್ಸಿದ್ದು! ಬಲಗೈ ಒಳಗೆ ಬೇಯ್ತಾ ಇತ್ತು, ಎಡಗೈ ಚಾಚಿ ಚಾಚಿ ಕೆಂಪು ಗುಂಡಿ ಒತ್ತಿದ್ದು ನಾನು. ಯಾರೂ ಹತ್ರ ಇರ್ಲಿಲ್ಲ. ಅದನ್ನೂ ನನ್ನಿಂದ ಕಿತ್ಕೊಂಡ್ರಾ?"

"ನನಗೆ ಗೊತ್ತಿರ್ಲಿಲ್ಲ ಗುಬ್ಬಿ."

"ಕೇಳಿದ್ರೆ ತಾನೇ ಗೊತ್ತಾಗೋದು? ನನ್ನನ್ನ ಯಾರೂ ಕೇಳ್ಲೇ ಇಲ್ಲ. ಕೈಗೆ ಪಟ್ಟಿ ಕಟ್ಟಿದ್ದಾರೆ, ಬರೆಯೋಕಾಗಲ್ಲ ಅಂತ ಬಿಟ್ರಂತೆ. ಬಾಯಿಗೆ ಕಟ್ಟಿರ್ಲಿಲ್ವಲ್ಲ!"

ಆಮೇಲೆ ಎರಡನೆಯ ಹಾಳೆ ತೆಗೆದುಕೊಂಡಳು. ಅದನ್ನೂ ಓದಿ ಮಡಿಲಲ್ಲಿಟ್ಟುಕೊಂಡಳು. ಅಪ್ಪಿಕೊಂಡು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಇಸ್ತ್ರಿಯಕ್ಕ ಎರಡಕ್ಕೂ ತಯಾರಾಗಿದ್ದಳು.

"ಇದೂ ಸುಳ್ಳು" ಎಂದಳು ಗುಬ್ಬಿ.

"ಅಯ್ಯೋ, ಇದರಲ್ಲೇನು ಸುಳ್ಳು? ನಾನೇ ಸ್ಕ್ರೂ ಬಿಚ್ಚಿದ್ದು."

"ಬಿಚ್ಚಿದ್ದು ನೀನು, ಸರಿ. ಬಿಚ್ಚಿಸಿದ್ದು? ನಾನು ಎರಡು ಮಾರು ದೂರದಲ್ಲಿ ಮಡಿಸ್ತಾ ಇದ್ದೆ, ನನ್ನ ಕಿವೀಲೇ ಕೇಳಿದ್ದೀನಿ. 'ತೆಗೆದುಬಿಡು ಅತ್ಲಾಗೆ.' ನೀನು ತೆಗೆದೆ, ನಿನ್ನ ಭಾವ ತೆಗೆಸಿದ್ರು. ಇಲ್ಲಿ 'ತೆಗೆಸಿದರು' ಎಲ್ಲಿದೆ ತೋರ್ಸು?"

ಇಸ್ತ್ರಿಯಕ್ಕ ತೋರಿಸಲಿಲ್ಲ. ತೋರಿಸಲು ಇರಲೂ ಇಲ್ಲ. ಬೆಳಿಗ್ಗೆಯಿಂದ ಹೊತ್ತು ತಿರುಗಿದ್ದ ಮೆಚ್ಚುಗೆ ಅಲ್ಲೇ ಇಳಿದುಹೋಯಿತು. ತಪ್ಪನ್ನೆಲ್ಲ ತನ್ನ ತಲೆಯ ಮೇಲೆಳೆದುಕೊಂಡರೆ ದೊಡ್ಡವಳಾಗುತ್ತೇನೆ ಎಂದುಕೊಂಡಿದ್ದಳು. ಅದು ಭಾವನ ಎದುರು ನಿಲ್ಲದೇ ಇರಲು ಕಂಡುಕೊಂಡ ಸುಲಭದ ದಾರಿಯೆಂದು ಈಗ ಗೊತ್ತಾಯಿತು. ಸಂಜೆ ಶಾಲೆಗೆ ಒಂದು ದಿನವೂ ಹೋಗದ ಗುಬ್ಬಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಿದ್ದಳು.

"ಅಕ್ಕ ನನ್ನ ಮುಖ ನೋಡಲ್ಲ ಕಣೆ" ಎಂದಳು ಇಸ್ತ್ರಿಯಕ್ಕ.

"ನೋಡ್ದೇ ಇರಬಹುದು" ಎಂದಳು ಗುಬ್ಬಿ. "ಸೋಮವಾರ ನಾನೂ ಬರ್ತೀನಿ, ನನ್ನ ಬಾಯಿಂದಲೇ ಹೇಳ್ತೀನಿ."

ಶನಿವಾರ ಕೆಲಸ ಶುರುವಾಗುವ ಮೊದಲೇ ಅವಳು ಸೂಪರ್‌ವೈಸರ್ ಕೋಣೆಗೆ ಹೋದಳು. ಗಾಜಿನ ಮೂರು ಗೋಡೆಯ ಪುಟ್ಟ ಕೋಣೆ. ಒಳಗೆ ಕೂತವರಿಗೆ ಎಲ್ಲ ಯಂತ್ರಗಳೂ ಕಾಣುತ್ತವೆ, ಯಂತ್ರದ ಮುಂದಿರುವವರಿಗೆ ಒಳಗಿನವರೂ ಕಾಣುತ್ತಾರೆ. ಭಾವ ಡ್ರಾಯರಿನಿಂದ ಹಳೆಯ ಹೇಳಿಕೆ ತೆಗೆದು, ಸಹಿ ಹಾಕುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಅವಳು ಅದರ ಮೇಲೆ ಹೊಸದನ್ನು ಇಟ್ಟಳು, ಸಹಿ ಸಮೇತ.

ಅವರು ಓದಿದರು. 'ಗಾರ್ಡನ್ನು ನಾನು ತೆಗೆದೆ. ಸೂಪರ್‌ವೈಸರ್ ನನ್ನಿಂದ ಅದನ್ನು ತೆಗೆಸಿದರು. ಸಂಜೆ ಮತ್ತೆ ಹಾಕಲು ನಾವಿಬ್ಬರೂ ಮರೆತೆವು. ಯಾರೂ ಯಾರಿಗೂ ಸೂಚನೆ ಕೊಡಲಿಲ್ಲ. ಯಂತ್ರವನ್ನು ಗುಬ್ಬಿಯೇ ಎಡಗೈಯಿಂದ ನಿಲ್ಲಿಸಿದಳು.' ಓದುತ್ತ ಓದುತ್ತ ಅವರ ಕಿವಿ ಕೆಂಪಾಯಿತು.

"ಮನೆಯವಳಾಗಿ ಹೀಗೆ ಬರೆದ್ಯಾ?"

"ಮನೆಯವಳಾಗಿ ಮೊದಲೊಂದು ಬರೆದಿದ್ದೆ ಭಾವ. ಅದು ನಿಮ್ಮ ಕೈಲೇ ಇದೆ." ಗೇಟಿನೊಳಗೆ ಭಾವ ಎಂದದ್ದು ಅದೇ ಮೊದಲು. ಅವಳು ನಾಲಿಗೆ ಕಚ್ಚಿಕೊಳ್ಳಲಿಲ್ಲ.

"ನಾನೇನು ಬೇಕಂತ ಮಾಡಿದ್ನಾ? ಅವತ್ತು ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ್ರು. 'ಗಾರ್ಡ್ ಗೀರ್ಡ್ ಎಲ್ಲ ತೆಗೆದು ಬಿಸಾಕು, ಲಾರಿ ತುಂಬಬೇಕು' ಅಂದ್ರು. ಅವರ ಹೆಸರು ಇದರಲ್ಲಿ ಎಲ್ಲಿದೆ?"

"ಅದು ನನಗೆ ಗೊತ್ತಿಲ್ವಲ್ಲ ಭಾವ. ನಾನು ಕೇಳಿದ್ದು ನಿಮ್ಮ ಬಾಯಿಂದ. ನಿಮ್ಮದನ್ನ ನೀವು ಬರೀರಿ."

ಭಾವ ಹೊರಗೆ ನೋಡಿದರು. ರೋಲರಿನ ಮುಂದೆ ಆಗಲೇ ಇಬ್ಬರು ಬಂದು ನಿಂತು ಕಣ್ಣು ಇತ್ತಲೇ ನೆಟ್ಟಿದ್ದರು. ಹಳೆಯ ಹೇಳಿಕೆಯನ್ನು ಮಗುಚಿ, ಅದರ ಖಾಲಿ ಬೆನ್ನ ಮೇಲೆ ಪೆನ್ನು ಇಟ್ಟರು. ಅವರ ಅಕ್ಷರ ಕೋಳಿ ಕೆದರಿದಂತೆ. 'ಗಾರ್ಡ್ ತೆಗೆಯಲು ಮೇಲಿನಿಂದ ಹೇಳಲಾಗಿತ್ತು' ಎಂದು ಬರೆದು ತಲೆಯೆತ್ತಿದರು. ಐವತ್ತು ದಾಟಿದ ಮನುಷ್ಯ ಪಾಠ ಒಪ್ಪಿಸಿದ ಹುಡುಗನಂತೆ ಕಾದು ಕೂತದ್ದು ಕಂಡು ಅವಳಿಗೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನ್ನಿಸಿತು.

"ಯಾರು ಹೇಳಿದ್ರು ಅಂತ ಸೋಮವಾರ ಕೇಳ್ತಾರೆ ಭಾವ. ಮೇಲಿನೋರು ಕೇಳ್ದೇ ಇದ್ರೂ ಗುಬ್ಬಿ ಕೇಳ್ತಾಳೆ. ಬರ್ತೀನಿ ಅಂದಿದ್ದಾಳೆ."

ಭಾವ ಬರೆದದ್ದನ್ನು ಹೊಡೆದುಹಾಕಿದರು. ಕೆಳಗೆ ಮತ್ತೆ ಬರೆಯತೊಡಗಿದರು. ಈ ಸಲ ನಿಧಾನವಾಗಿ, ಪೆನ್ನು ಒತ್ತಿ ಒತ್ತಿ. ಬರೆದು ಮುಗಿಸಿ ಹಾಳೆಯನ್ನು ಅವಳ ಕಡೆ ತಿರುಗಿಸಿದರು.

'ಮ್ಯಾನೇಜರ್ ಫೋನಿನಲ್ಲಿ ಹೇಳಿದರು. ನಾನು ಇವಳಿಂದ ತೆಗೆಸಿದೆ. ಬೆರಳು ಹೋಗುತ್ತವೆಂದು ನನಗೆ ಗೊತ್ತಿತ್ತು. ನಾನು ಬೇಡ ಅನ್ನಲಿಲ್ಲ.'

ಕೊನೆಯ ಸಾಲನ್ನು ಬರೆಯಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಸ್ತ್ರಿಯಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಪಕ್ಕದಲ್ಲಿದ್ದ ತನ್ನ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಸ್ಕ್ರೂ ಬಿಚ್ಚುವಾಗ, ಬಟ್ಟೆಚೂರು ಸುತ್ತುವಾಗ, ಬೆರಳು ಹೋಗುತ್ತವೆಂದು ಅವಳಿಗೂ ಗೊತ್ತಿತ್ತು. ಹನ್ನೊಂದು ವರ್ಷ ಅದೇ ಯಂತ್ರದ ಮುಂದೆ ನಿಂತವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು? ಆ ಮಾತು ಅವಳ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಕೆಲಸ ಶುರುವಾಗುವ ಗಂಟೆ ಹೊಡೆಯಿತು. ಅವಳು ಹೋಗಲಿಲ್ಲ.

"ಆ ಪೆನ್ನು ಸ್ವಲ್ಪ ಕೊಡಿ ಭಾವ" ಎಂದಳು.